ಬರೀ ಕಬ್ಬಿಣ ಎತ್ತಿದ್ರೆ ಸಾಕಾ?

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ನಾನು ಬರೆಯೋಕೆ ಹೊರಟಿರೋದೂ ಹೊಟ್ಟೆ ವಿಷಯಾನೇ.

ಫಸ್ಟ್ ಸೆಮ್ ಶುರುವಾದ ತಿಂಗಳಲ್ಲೇ ಜಿಮ್ ಸೇರಿದೆ. ವಾರಕ್ಕೆ ನಾಲ್ಕು ದಿನ, ಏಳು ತಿಂಗಳು, ಇಂಟರ್ನಲ್ಸ್ ಟೈಮಲ್ಲೂ ತಪ್ಪಿಸಲಿಲ್ಲ. ಮೊದಲ ದಿನ ಖಾಲಿ ರಾಡ್ ಹಿಡಿದು ನಡುಗಿದವನು ಏಳನೇ ತಿಂಗಳಿಗೆ 110 ಕೆಜಿ ಡೆಡ್‌ಲಿಫ್ಟ್ ಮಾಡಿದೆ. ಅಂಗಿಯ ತೋಳು ಬಿಗಿಯಾಯ್ತು. ಕನ್ನಡಿ ಮುಂದೆ ನಿಲ್ಲೋ ಟೈಮೂ ಜಾಸ್ತಿ ಆಯ್ತು.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಹಾಸ್ಟೆಲ್‌ನವರೆಲ್ಲ ಸೇರಿ ಚಾಮುಂಡಿ ಬೆಟ್ಟಕ್ಕೆ ಹೋದ್ವಿ. ಬಸ್ಸಲ್ಲಲ್ಲ, ಮೆಟ್ಟಿಲು ಹತ್ತಿ. ಸಾವಿರ ಚಿಲ್ಲರೆ ಮೆಟ್ಟಿಲು. ಜೊತೆಗೆ ಇಸಿ ಬ್ರಾಂಚಿನ ಗೆಳೆಯನೊಬ್ಬ ಇದ್ದ. 56 ಕೆಜಿ ಆಸಾಮಿ, ಜಿಮ್ ಬಾಗಿಲು ನೋಡಿದವನಲ್ಲ, ಊರಲ್ಲಿ ದಿನಾ ಸಂಜೆ ಕಬಡ್ಡಿ ಆಡಿ ಬೆಳೆದವನು. ಮುನ್ನೂರು ಮೆಟ್ಟಿಲಿಗೇ ನನ್ನ ಎದೆ ತಮಟೆ ಹೊಡೆಯೋಕೆ ಶುರು ಮಾಡ್ತು. ನಂದಿ ವಿಗ್ರಹ ಸಿಗೋಕೆ ಮುಂಚೆ ನಾಲ್ಕು ಸಲ ಕೂತೆ. ನಾಲ್ಕನೇ ಸಲ ಕೂತಾಗ ಅವನು ಮೇಲಿಂದ ವಾಪಸ್ ಇಳಿದು ಬಂದ, ಏನೂ ಮಾತಾಡದೆ ನನ್ನ ಬ್ಯಾಗ್ ತಗೊಂಡು ತನ್ನ ಹೆಗಲಿಗೆ ಹಾಕ್ಕೊಂಡ. ಎಲ್ಲರ ಮುಂದೆ ಆಡ್ಕೊಂಡಿದ್ರೂ ಅಷ್ಟು ನಾಚಿಕೆ ಆಗ್ತಿರ್ಲಿಲ್ಲ.

ಅದಾಗಿ ಎರಡು ವಾರಕ್ಕೆ ಮಂಡ್ಯಕ್ಕೆ, ಮನೆಗೆ ಹೋದಾಗ ಅಪ್ಪನ ಶುಗರ್ ಚೆಕಪ್‌ಗೆ ನಾನೂ ಹೋಗಿದ್ದೆ. ಅಪ್ಪನಿಗೆ 41ನೇ ವಯಸ್ಸಿಗೇ ಶುಗರ್ ಬಂತು. ಡಾಕ್ಟರ್ ಅಪ್ಪನನ್ನ ನೋಡಿ ಮುಗಿಸಿ, ನನ್ನ ಕಡೆ ತಿರುಗಿ, ಟೇಪ್ ತಗೊಂಡು ನನ್ನ ಸೊಂಟ ಅಳೆದರು. 91 ಸೆಂಟಿಮೀಟರ್. "ಅಪ್ಪನಿಗಿದೆ, ನೀನು ಈಗಿನಿಂದಲೇ ಹುಷಾರಾಗಿರಬೇಕು. 90 ದಾಟಬಾರದು" ಅಂದ್ರು. "ಸರ್, ನಾನು ಜಿಮ್‌ಗೆ ಹೋಗ್ತೀನಿ" ಅಂದೆ. "ತೋಳು ನೋಡಿದ್ರೇ ಗೊತ್ತಾಗುತ್ತೆ. ಹೊಟ್ಟೆ?" ಅಂದ್ರು.

ಜಿಮ್ ಸೇರಿದ ದಿನ ನಾನೇ ಅಳೆದಾಗಲೂ 91 ಇತ್ತು. ಏಳು ತಿಂಗಳು ಬೆವರು ಸುರಿಸಿದ್ದಕ್ಕೆ ಟೇಪಿನಲ್ಲಿ ಒಂದು ಸೆಂಟಿಮೀಟರೂ ಕಮ್ಮಿ ಆಗಿರಲಿಲ್ಲ. ಎಲ್ಲಿ ತಪ್ಪಾಯ್ತು ಅಂತ ಹುಡುಕ್ತಾ ಹೋಗಿ ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ. ಉತ್ತರ ಮೊದಲೇ ಹೇಳಿಬಿಡ್ತೀನಿ: ಭಾರ ಎತ್ತೋದು ಬೇಕೇ ಬೇಕು, ಆದ್ರೆ ಅದೊಂದೇ ಸಾಲದು. ಯಾಕೆ ಸಾಲದು ಅನ್ನೋದನ್ನ ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಪ್ರಶ್ನೆ ಒಂದಲ್ಲ, ಮೂರು

"ಫಿಟ್ ಆಗ್ಬೇಕು" ಅಂತ ನಾವೆಲ್ಲ ಒಂದೇ ಮಾತಲ್ಲಿ ಹೇಳ್ತೀವಿ. ಅದರೊಳಗೆ ಮೂರು ಬೇರೆ ಬೇರೆ ವಿಷಯ ಇದೆ ಅಂತ ನನಗೆ ಹೇಳಿದ್ದು ನಮ್ಮ ದೊಡ್ಡಪ್ಪ. ಅವರು ಹುಡುಗರಾಗಿದ್ದಾಗ ಶ್ರೀರಂಗಪಟ್ಟಣದ ಕಡೆ ಗರಡೀಲಿ ಸಾಮು ಮಾಡಿದವರು. ಬೆಟ್ಟದ ಕತೆ ಹೇಳಿದಾಗ ನಕ್ಕುಬಿಟ್ಟು, "ಎದುರಾಳೀನ ಹಿಡಿಯೋಕೆ ತಾಕತ್ತು ಬೇಕು, ಹಿಡ್ಕೊಂಡೇ ಇರೋಕೆ ದಮ್ಮು ಬೇಕು ಕಣ್ ಮಗ. ನಿಂಗೆ ತಾಕತ್ತು ಬಂದದೆ, ದಮ್ಮು ಬಂದಿಲ್ಲ" ಅಂದ್ರು. ಗರಡೀಲಿ ದಂಡ, ಬಸ್ಕಿ, ಗದೆ ಜೊತೆಗೆ ಮಟ್ಟಿಯ ಮಣ್ಣು ಅಗೆಯೋದು, ಬೆಳಿಗ್ಗೆ ಓಡೋದು, ಕೊನೆಗೆ ಉಸಿರು ಕಟ್ಟೋವರೆಗೂ ಜೋಡಿ ಕುಸ್ತಿ ಇರ್ತಿತ್ತಂತೆ. ಬರೀ ಗದೆ ತಿರುಗಿಸಿ ಯಾರೂ ಪೈಲ್ವಾನ್ ಆಗಲಿಲ್ಲ.

ಹಾಗಾಗಿ ಮೂರು ಖಾನೆ ಮಾಡ್ಕೊಳ್ಳೋಣ. ಒಂದು, ತಾಕತ್ತು: ಮಾಂಸಖಂಡ ಎಷ್ಟು ಭಾರ ಎತ್ತುತ್ತೆ. ಎರಡು, ದಮ್ಮು: ಹೃದಯ, ಶ್ವಾಸಕೋಶ ಎಷ್ಟು ಹೊತ್ತು ಸಾಥ್ ಕೊಡುತ್ತೆ. ಮೂರು, ಕೊಬ್ಬು: ಮೈಯಲ್ಲಿ ಎಷ್ಟಿದೆ, ಎಲ್ಲಿದೆ. ಭಾರ ಎತ್ತೋದು ಮೊದಲನೇದಕ್ಕೆ ಪೂರ್ತಿ ಉತ್ತರ. ಉಳಿದ ಎರಡಕ್ಕೆ ಅರ್ಧಂಬರ್ಧ.

ಭಾರ ಎತ್ತೋದ್ರಿಂದ ಏನು ಸಿಗುತ್ತೆ?

ಇದನ್ನ ಮೊದಲು ಹೇಳಬೇಕು. ಇಲ್ಲಾಂದ್ರೆ ಲೇಖನ ಓದಿ ಯಾರಾದ್ರೂ ಜಿಮ್ ಬಿಟ್ಟುಬಿಡ್ತಾರೆ! ಶುರುವಿನ ಕೆಲವು ವಾರ ತಾಕತ್ತು ಹೆಚ್ಚೋದು ಮಾಂಸಖಂಡ ಬೆಳೆದು ಅಲ್ಲ, ಇರೋ ಮಾಂಸಖಂಡವನ್ನ ನರಗಳು ಇನ್ನೂ ಚೆನ್ನಾಗಿ ದುಡಿಸೋದು ಕಲಿಯೋದ್ರಿಂದ. ಆಮೇಲೆ ನಿಧಾನಕ್ಕೆ ಮಾಂಸಖಂಡವೂ ದಪ್ಪ ಆಗುತ್ತೆ. ಮೂಳೆ ಗಟ್ಟಿಯಾಗುತ್ತೆ. ಊಟದಿಂದ ರಕ್ತಕ್ಕೆ ಬಂದ ಸಕ್ಕರೆಯಲ್ಲಿ ದೊಡ್ಡ ಪಾಲನ್ನ ಒಳಗೆ ಎಳ್ಕೊಳ್ಳೋದು ಮಾಂಸಖಂಡಗಳೇ. ಅಂದ್ರೆ ಶುಗರ್ ಇರೋ ಮನೆಯವರಿಗೆ ಇದು ಶೋಕಿ ಅಲ್ಲ, ಅಗತ್ಯ. ಇದು ಹುಡುಗಿಯರಿಗೂ ಅಷ್ಟೇ ಅನ್ವಯಿಸುತ್ತೆ. "ವೇಯ್ಟ್ಸ್ ಎತ್ತಿದ್ರೆ ಹುಡುಗರ ಥರ ಆಗ್ಬಿಡ್ತೀವಿ" ಅನ್ನೋ ಭಯ ಬೇಡ. ಏಳು ತಿಂಗಳು ಒದ್ದಾಡಿದ ನನಗೇ ಹಾಗೆ ಆಗಿಲ್ಲ.

ಕೊಬ್ಬಿನ ಲೆಕ್ಕ

ಥರ್ಮೋಡೈನಮಿಕ್ಸ್ ಮೊದಲ ನಿಯಮ ನೆನಪಿದೆಯಲ್ಲ? ಒಳಗೆ ಬಂದ ಶಕ್ತಿ, ಹೊರಗೆ ಹೋದ ಶಕ್ತಿ, ವ್ಯತ್ಯಾಸ ಒಳಗೆ ಉಳಿಯುತ್ತೆ. ನಮ್ಮ ಮೈಯೂ ಒಂದು ಸಿಸ್ಟಮ್ಮೇ. ಉಳಿದದ್ದು ಹೆಚ್ಚಾಗಿ ಕೊಬ್ಬಾಗಿ ಕೂರುತ್ತೆ. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7700 ಕ್ಯಾಲರಿ. (ಇದು ಕಿಲೋ ಕ್ಯಾಲರಿ. ಊಟದ ಮಾತಲ್ಲಿ ಎಲ್ಲರೂ ಅದನ್ನೇ ಕ್ಯಾಲರಿ ಅಂತಾರೆ.)

ಈಗ ಜಿಮ್‌ನಲ್ಲಿ ಎಷ್ಟು ಖರ್ಚಾಗುತ್ತೆ ನೋಡೋಣ. ವ್ಯಾಯಾಮದ ಖರ್ಚು ಅಳೆಯೋಕೆ ಮೆಟ್ ಅಂತ ಒಂದು ಮಾಪನ ಇದೆ. ಸುಮ್ಮನೆ ಕೂತಿರೋದು 1 ಮೆಟ್. ಸಾಮಾನ್ಯ ವೇಯ್ಟ್ ಟ್ರೈನಿಂಗ್ ಸುಮಾರು 3.5, ತುಂಬಾ ಜೋರಾಗಿ ಮಾಡಿದ್ರೆ 6. ಬಿರುಸು ನಡಿಗೆ 4.3. ಗಂಟೆಗೆ 8 ಕಿಲೋಮೀಟರ್ ವೇಗದ ಓಟ 8.3. ಸೂತ್ರ ಸುಲಭ:

ಕ್ಯಾಲರಿ = ಮೆಟ್ × ತೂಕ × ಗಂಟೆ

ನನ್ನ ತೂಕ ಆಗ 74 ಕೆಜಿ. ಒಂದು ಗಂಟೆ ವೇಯ್ಟ್ಸ್: 3.5 × 74 = 259. ಇದರಲ್ಲಿ 74 ಕ್ಯಾಲರಿ ರೂಮಲ್ಲಿ ಸುಮ್ನೆ ಕೂತಿದ್ರೂ ಖರ್ಚಾಗ್ತಿತ್ತು. ಜಿಮ್‌ಗೆ ಹೋಗಿದ್ದಕ್ಕೆ ಸಿಕ್ಕಿದ್ದು 185. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲರಿ, ಅಂದ್ರೆ 20 ಗ್ರಾಂ ಎಣ್ಣೆಗೆ 180. ಜಿಮ್ ಮುಗಿಸಿ ಗೇಟ್ ಹತ್ತಿರ ತಿಂತಿದ್ದ ಗೋಬಿ ಮಂಚೂರಿ ಪ್ಲೇಟಿನಲ್ಲಿ 20 ಗ್ರಾಂ ಎಣ್ಣೆ ಇರೋದು ಏನೂ ದೊಡ್ಡ ವಿಷಯ ಅಲ್ಲ. ಅಲ್ಲಿಗೆ ಲೆಕ್ಕ ಚುಕ್ತಾ.

ಒಂದು ಗಂಟೆ ಕಷ್ಟಪಟ್ಟರೂ ಯಾಕೆ ಇಷ್ಟು ಕಮ್ಮಿ? ಒಂದು ದಿನ ಟೈಮರ್ ಇಟ್ಟು ನೋಡಿದೆ. 16 ಸೆಟ್, ಒಂದೊಂದು ಸೆಟ್ ಸುಮಾರು 40 ಸೆಕೆಂಡ್. ಒಟ್ಟು 640 ಸೆಕೆಂಡ್, ಅಂದ್ರೆ 11 ನಿಮಿಷವೂ ಇಲ್ಲ! ಉಳಿದ ಟೈಮೆಲ್ಲ ರೆಸ್ಟ್, ಪ್ಲೇಟ್ ಬದಲಾಯಿಸೋದು, ಮೊಬೈಲು, ಕನ್ನಡಿ. ರೆಸ್ಟ್ ತಗೊಳ್ಳೋದು ತಪ್ಪಲ್ಲ, ತಾಕತ್ತು ಹೆಚ್ಚೋಕೆ ಅದು ಬೇಕು. ಆದ್ರೆ ಕ್ಯಾಲರಿ ಲೆಕ್ಕದಲ್ಲಿ ಅದು ರೆಸ್ಟೇ.

ವಾರಕ್ಕೆ ನಾಲ್ಕು ದಿನ ಅಂದ್ರೆ 740 ಕ್ಯಾಲರಿ. 7700ನ್ನ 740ರಿಂದ ಭಾಗಿಸಿ: ಒಂದು ಕೆಜಿ ಕೊಬ್ಬಿಗೆ ಹತ್ತು ವಾರಕ್ಕೂ ಹೆಚ್ಚು. ಅದೂ ಊಟ ಒಂದು ತುತ್ತೂ ಜಾಸ್ತಿ ಆಗದಿದ್ರೆ. ಜಿಮ್ ಆದ್ಮೇಲೆ ನನಗೆ ಬರ್ತಿದ್ದ ಹಸಿವಿಗೆ ಮೆಸ್ಸಲ್ಲಿ ಅನ್ನದ ರಾಶಿ ಕರಗ್ತಿತ್ತು.

"ಮಸಲ್ ಜಾಸ್ತಿ ಆದ್ರೆ ಮಲಗಿದ್ರೂ ಫ್ಯಾಟ್ ಕರಗುತ್ತೆ" ಅಂತ ಜಿಮ್‌ನಲ್ಲಿ ಎಲ್ಲರೂ ಹೇಳ್ತಾರೆ. ಪೂರ್ತಿ ಸುಳ್ಳಲ್ಲ, ಆದ್ರೆ ತುಂಬಾ ಉಬ್ಬಿಸಿದ ಮಾತು. ವಿಶ್ರಾಂತಿಯಲ್ಲಿ ಒಂದು ಕೆಜಿ ಮಾಂಸಖಂಡ ದಿನಕ್ಕೆ ಖರ್ಚು ಮಾಡೋದು ಸುಮಾರು 13 ಕ್ಯಾಲರಿ. ನೀವು ಕಷ್ಟಪಟ್ಟು ಮೂರು ಕೆಜಿ ಮಾಂಸಖಂಡ ಬೆಳೆಸಿದ್ರೆ ದಿನಕ್ಕೆ 39 ಕ್ಯಾಲರಿ ಹೆಚ್ಚುವರಿ. ಕಾಫಿಗೆ ಹಾಕೋ ಎರಡು ಚಮಚ ಸಕ್ಕರೆ ಅಷ್ಟೇ.

ಇದನ್ನ ಜನರ ಮೇಲೆ ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯ್ತು. ತೂಕ ಹೆಚ್ಚಿದ್ದ, ವ್ಯಾಯಾಮ ಇಲ್ಲದ ಜನರನ್ನ ಮೂರು ಗುಂಪು ಮಾಡಿ ಎಂಟು ತಿಂಗಳು ನೋಡಿದ್ರು: ಓಟ, ನಡಿಗೆಯಂಥದ್ದು ಮಾತ್ರ, ವೇಯ್ಟ್ಸ್ ಮಾತ್ರ, ಎರಡೂ. ಕೊನೆವರೆಗೂ ಉಳಿದವರು 119 ಜನ. ವೇಯ್ಟ್ಸ್ ಮಾತ್ರ ಮಾಡಿದವರಿಗೆ ಮಾಂಸಖಂಡ ಹೆಚ್ಚಾಯ್ತು, ಕೊಬ್ಬು ಹೇಳಿಕೊಳ್ಳೋವಷ್ಟು ಇಳಿಯಲಿಲ್ಲ. ಓಡಿದವರಿಗೆ ಕೊಬ್ಬು ಇಳೀತು, ಮಾಂಸಖಂಡ ಹೆಚ್ಚಲಿಲ್ಲ. ಎರಡೂ ಮಾಡಿದವರಿಗೆ ಎರಡೂ ಸಿಕ್ತು, ಆದ್ರೆ ಟೈಮ್ ಡಬಲ್ ಕೊಟ್ಟಿದ್ರು. ಓದ್ತಾ ಓದ್ತಾ, ಆ ಎರಡನೇ ಗುಂಪಿನಲ್ಲಿ ನಾನೇ ಇದ್ದೀನಿ ಅನ್ಸಿತು.

ತೆಳ್ಳಗಿರೋರು ನಗಬೇಡಿ

"ನಾನು ಸಣ್ಣಗೇ ಇದ್ದೀನಿ, ನನಗೇನು?" ಅನ್ನೋರಿಗೆ ಒಂದು ನಿಜವಾದ ಕತೆ. 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೋನೇ ಅಕ್ಕಪಕ್ಕ ಹಾಕಿದ್ರು. ಇಬ್ಬರ ಬಿಎಂಐ ಒಂದೇ, 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ನಮ್ಮ ಕಡೆಯ ಜನರಲ್ಲಿ ನೋಡೋಕೆ ತೆಳ್ಳಗಿದ್ದರೂ ಕೊಬ್ಬು ಹೆಚ್ಚು, ಮಾಂಸಖಂಡ ಕಮ್ಮಿ ಇರೋದು ಸಾಮಾನ್ಯ. ಅದಕ್ಕೇ ನಮ್ಮವರಿಗೆ ಸೊಂಟದ ಮಿತಿಯನ್ನ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಅಂತ ಕೆಳಗೆ ಇಟ್ಟಿದ್ದಾರೆ.

ಅಂದ್ರೆ ತೂಕ ಇಳಿಸೋದು ಗುರಿ ಅಲ್ಲ. ಕೊಬ್ಬು ಇಳಿಸಿ ಮಾಂಸಖಂಡ ಉಳಿಸ್ಕೊಳ್ಳೋದು ಗುರಿ. ಭಾರ ಎತ್ತೋದು ಕೊಬ್ಬಿನ ವಿಷಯದಲ್ಲಿ ಕೆಲಸಕ್ಕೆ ಬರೋದು ಇಲ್ಲೇ. ಬರೀ ಊಟ ಬಿಟ್ಟು ಸಣ್ಣಗಾದ್ರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ. ಭಾರ ಎತ್ತುತ್ತಾ ಇದ್ರೆ "ಇದು ಬೇಕು, ಇಟ್ಕೋ" ಅಂತ ಮೈಗೆ ದಿನಾ ಹೇಳಿದ ಹಾಗೆ. ಏನು ಉಳೀಬೇಕು ಅನ್ನೋದನ್ನ ಜಿಮ್ ತೀರ್ಮಾನ ಮಾಡುತ್ತೆ, ಎಷ್ಟು ಹೋಗ್ಬೇಕು ಅನ್ನೋದನ್ನ ತಟ್ಟೆ ತೀರ್ಮಾನ ಮಾಡುತ್ತೆ.

ಮೆಸ್ ತಟ್ಟೆ

ಹಾಸ್ಟೆಲ್‌ನಲ್ಲಿ ಡಯೆಟ್ ಮಾಡೋಕಾಗಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ಮೆನು ನಮ್ಮ ಕೈಯಲ್ಲಿಲ್ಲ, ನಿಜ. ಆದ್ರೆ ಸೌಟು ಎಷ್ಟು ಸಲ ಅನ್ನೋದು ನಮ್ಮ ಕೈಯಲ್ಲಿದೆ.

ಬೇಯಿಸಿದ ಅನ್ನ 100 ಗ್ರಾಂಗೆ ಸುಮಾರು 130 ಕ್ಯಾಲರಿ, ಪ್ರೋಟೀನ್ ಮೂರು ಗ್ರಾಂ ಕೂಡ ಇಲ್ಲ. ನಮ್ಮ ಮೆಸ್ಸಿನ ತೊಂದರೆ ಅನ್ನ ಅಲ್ಲ, ಅನ್ನದ ಜೊತೆ ಅನ್ನ ಬಿಟ್ಟು ಬೇರೇನೂ ಹೆಚ್ಚಿಗೆ ಇಲ್ಲದಿರೋದು. ನಮ್ಮ ದೇಶದ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ವಯಸ್ಕರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ನನಗೆ 61 ಗ್ರಾಂ ಆಯ್ತು. ಭಾರ ಎತ್ತೋರಿಗೆ ಸುಮಾರು 1.6 ಗ್ರಾಂವರೆಗೆ ಲಾಭ ಇದೆ, ಅದಕ್ಕಿಂತ ಮೇಲೆ ಹೆಚ್ಚೇನೂ ಸಿಗಲ್ಲ ಅಂತ 49 ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದ 2018ರ ವಿಶ್ಲೇಷಣೆ ಹೇಳುತ್ತೆ. ಆ ಲೆಕ್ಕದಲ್ಲಿ ನನಗೆ 118 ಗ್ರಾಂ.

ಪೌಡರ್ ಡಬ್ಬ ಇಲ್ಲದೇನೇ ಅದರ ಹತ್ತಿರ ಹೋಗೋದು ಹೀಗೆ: ನಾಲ್ಕು ಮೊಟ್ಟೆ, 24 ಗ್ರಾಂ. ಒಣ ಸೋಯಾ ಚಂಕ್ಸ್ 50 ಗ್ರಾಂ ಬಿಸಿನೀರಲ್ಲಿ ನೆನೆಸಿ ಸಾಂಬಾರಿಗೆ ಹಾಕ್ಕೊಂಡ್ರೆ 26. ಅರ್ಧ ಲೀಟರ್ ಹಾಲು, 16. ಒಂದು ಬಟ್ಟಲು ಮೊಸರು, 6. ನೆನೆಸಿದ ಹೆಸರುಕಾಳು 40 ಗ್ರಾಂ, ಸುಮಾರು 10. ಉಳಿದ 30ರಷ್ಟು ಚಪಾತಿ, ಮುದ್ದೆ, ಅನ್ನ, ಬೇಳೆಯಿಂದಲೇ ಬರುತ್ತೆ. ಮೊಟ್ಟೆ ತಿನ್ನದವರು ಕಾಳು, ಹಾಲು, ಸೋಯಾ ಸ್ವಲ್ಪ ಹೆಚ್ಚಿಸಬಹುದು. ಕಡ್ಲೆಕಾಯಿ ಬೀಜ ಒಳ್ಳೇದೇ, ಆದ್ರೆ ಅದರಲ್ಲಿ ಪ್ರೋಟೀನ್‌ಗಿಂತ ಎಣ್ಣೆ ಜಾಸ್ತಿ. ಮುಷ್ಟಿ ಲೆಕ್ಕದಲ್ಲಿ ತಿನ್ನಿ, ಪೊಟ್ಟಣ ಲೆಕ್ಕದಲ್ಲಿ ಬೇಡ.

ನಾನು ಬಿಟ್ಟಿದ್ದು ಮೂರೇ: ಸಂಜೆ ಗೋಬಿ, ದಿನಕ್ಕೆ ಮೂರು ಸಿಹಿ ಕಾಫಿಯಲ್ಲಿ ಎರಡು, ರಾತ್ರಿ ಊಟದಲ್ಲಿ ಎರಡನೇ ಸಲ ಹಾಕಿಸ್ಕೊಳ್ಳೋ ಅನ್ನ. ದಿನಕ್ಕೆ 300ರಿಂದ 400 ಕ್ಯಾಲರಿ ಕಮ್ಮಿ ಆದ್ರೆ ಸಾಕು. ಉಪವಾಸ ಮಾಡೋಕೆ ಹೋಗಬೇಡಿ. ಮೊದಲೇ ತೂಕ ಕಮ್ಮಿ ಇರೋರು ಈ ಪ್ಯಾರಾ ಮರೆತುಬಿಡಿ, ನಿಮಗೆ ಇನ್ನೊಂದು ಮುದ್ದೆ ಬೇಕು.

ದಮ್ಮಿನ ಲೆಕ್ಕ

ಹೃದಯ ಒಂದು ಪಂಪು. ಒಂದು ಬಡಿತಕ್ಕೆ ಎಷ್ಟು ರಕ್ತ, ನಿಮಿಷಕ್ಕೆ ಎಷ್ಟು ಬಡಿತ, ಎರಡನ್ನೂ ಗುಣಿಸಿದ್ರೆ ಫ್ಲೋ ರೇಟ್. ಕೂತಿದ್ದಾಗ 70 ಮಿಲಿಲೀಟರ್ × 72 ಬಡಿತ, ಅಂದ್ರೆ ಸುಮಾರು 5 ಲೀಟರ್. ಓಟ, ಈಜು, ಸೈಕಲ್ಲು, ಮೆಟ್ಟಿಲು ಹತ್ತೋದು, ಇಂಥದ್ದನ್ನ ತಿಂಗಳುಗಟ್ಟಲೆ ಮಾಡಿದ್ರೆ ಒಂದು ಬಡಿತಕ್ಕೆ ಹೋಗೋ ರಕ್ತ ಹೆಚ್ಚಾಗುತ್ತೆ. 90 ಮಿಲಿಲೀಟರ್ ಆಯ್ತು ಅಂದ್ಕೊಳ್ಳಿ, ಅದೇ 5 ಲೀಟರಿಗೆ 56 ಬಡಿತ ಸಾಕು. ಮಾಂಸಖಂಡದೊಳಗೆ ಸಣ್ಣ ರಕ್ತನಾಳಗಳು, ಮೈಟೋಕಾಂಡ್ರಿಯಾ ಕೂಡ ಹೆಚ್ಚುತ್ತವೆ. 40 ಸೆಕೆಂಡ್ ಎತ್ತಿ ಎರಡು ನಿಮಿಷ ಕೂರೋ ಕೆಲಸದಲ್ಲಿ ಪಂಪಿಗೆ ಈ ಥರದ ಅಭ್ಯಾಸ ಅಷ್ಟಾಗಿ ಸಿಗಲ್ಲ. ಬೆಟ್ಟದಲ್ಲಿ ನನ್ನ ಕಾಲು ಸೋತಿರಲಿಲ್ಲ, ಪಂಪು ಸೋತಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ ಎರಡನ್ನೂ ಬೇರೆ ಬೇರೆಯಾಗಿಯೇ ಬರೆದಿದ್ದಾರೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ಜೋರಾದದ್ದು, ಅದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಮಾಂಸಖಂಡಕ್ಕೆ ಕೆಲಸ. "ಇಲ್ಲವೇ" ಇರೋದು ನಡಿಗೆ ಮತ್ತು ಓಟದ ಮಧ್ಯೆ. ಭಾರ ಎತ್ತೋದಕ್ಕೆ "ಜೊತೆಗೆ" ಅಂತಾನೇ ಹಾಕಿದ್ದಾರೆ.

"ಓಡಿದ್ರೆ ಮಸಲ್ ಹೋಗುತ್ತೆ ಮಗಾ"

ಈ ಮಾತು ನಂಬಿ ನಾನು ಏಳು ತಿಂಗಳು ಟ್ರೆಡ್‌ಮಿಲ್ ಕಡೆ ತಲೆ ಹಾಕಲಿಲ್ಲ. ಇದಕ್ಕೆ ಒಂದು ಮೂಲ ಇದೆ. 1980ರಲ್ಲಿ ರಾಬರ್ಟ್ ಹಿಕ್ಸನ್ ಅನ್ನೋ ಅಮೆರಿಕದ ಸಂಶೋಧಕ ಹತ್ತು ವಾರದ ಪ್ರಯೋಗ ಮಾಡಿದ್ರು. ವಾರಕ್ಕೆ ಐದು ದಿನ ಭಾರ ಮತ್ತು ಆರು ದಿನ ಜೋರು ಓಟ, ಸೈಕಲ್ಲು ಎರಡನ್ನೂ ಮಾಡಿದ ಗುಂಪಿನ ತಾಕತ್ತು ಏಳೆಂಟು ವಾರ ಏರಿ, ಆಮೇಲೆ ನಿಂತು, ಕೊನೆಗೆ ಇಳೀತು. ಗಮನಿಸಿ: ವಾರಕ್ಕೆ ಐದು ಪ್ಲಸ್ ಆರು! ಅಷ್ಟು ಮಾಡೋರು ನಮ್ಮ ಕ್ಯಾಂಪಸ್ಸಲ್ಲಿ ಯಾರಿದ್ದಾರೆ? ವಾರಕ್ಕೆ ಎರಡು ಮೂರು ದಿನ ಅರ್ಧ ಗಂಟೆ ಓಡಿದ್ರೆ ನಮ್ಮಂಥ ಸಾಮಾನ್ಯರ ತೋಳು ಕರಗಲ್ಲ. ಕಾಲಿನ ವ್ಯಾಯಾಮ ಮಾಡೋಕೆ ಮುಂಚೆಯೇ ಓಡಿ ಸುಸ್ತಾಗಬೇಡಿ, ಅಷ್ಟೇ.

ನನ್ನ ಟೈಮ್ ಟೇಬಲ್

ಸೋಮವಾರ, ಬುಧವಾರ, ಶುಕ್ರವಾರ: ವೇಯ್ಟ್ಸ್ 50 ನಿಮಿಷ. ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್, ರೋಯಿಂಗ್, ಪುಲ್‌ಅಪ್. ನಾಲ್ಕು ದಿನವನ್ನ ಮೂರಕ್ಕೆ ಇಳಿಸಿದೆ.

ಮಂಗಳವಾರ, ಗುರುವಾರ: ಗ್ರೌಂಡಿನಲ್ಲಿ 30 ನಿಮಿಷ ಓಟ. ಶುರುವಿನಲ್ಲಿ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಜೊತೆಯವರ ಹತ್ತಿರ ಮಾತಾಡೋಕೆ ಆಗೋವಷ್ಟು ವೇಗ ಸಾಕು.

ಭಾನುವಾರ: ಬೆಟ್ಟ, ಇಲ್ಲಾಂದ್ರೆ ಬ್ಯಾಡ್ಮಿಂಟನ್. ಪ್ರತಿದಿನ: ಲಿಫ್ಟ್ ಬಂದ್, ಏಳು ಗಂಟೆ ನಿದ್ದೆ. ನಿದ್ದೆ ವಿಷಯದಲ್ಲಿ ಇನ್ನೂ ಪೂರ್ತಿ ಪಾಸಾಗಿಲ್ಲ.

ಅಳತೆಗೆ ಮೂರೂ ಖಾನೆಗೆ ಒಂದೊಂದು ನಂಬರ್ ಇಟ್ಟುಕೊಳ್ಳಿ: ಎತ್ತೋ ಭಾರ, ಬೆಳಿಗ್ಗೆ ಎದ್ದ ಕೂಡಲೇ ನಾಡಿ ಬಡಿತ, ಹದಿನೈದು ದಿನಕ್ಕೊಮ್ಮೆ ಸೊಂಟ. ಒಂದೇ ನಂಬರ್ ನೋಡ್ಕೊಂಡು ಖುಷಿಪಟ್ಟಿದ್ದೇ ನನ್ನ ತಪ್ಪು. ಇನ್ನೊಂದು ಮಾತು: ಎದೆ ನೋವು, ತಲೆ ಸುತ್ತು ಬಂದ್ರೆ ಅಲ್ಲೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಮೊದಲೇ ಏನಾದ್ರೂ ಕಾಯಿಲೆ ಇದ್ರೆ ಅವರನ್ನ ಕೇಳಿಯೇ ಶುರು ಮಾಡಿ.

ಹೀಗೆ ನಾಲ್ಕು ತಿಂಗಳಾಯ್ತು. ಡೆಡ್‌ಲಿಫ್ಟ್ 110ರಿಂದ 115, ದೊಡ್ಡ ಸಾಧನೆ ಏನಲ್ಲ. ಬೆಳಗಿನ ನಾಡಿ 82ರಿಂದ 71. ತೂಕ 74ರಿಂದ 71. ಸೊಂಟ 91ರಿಂದ 86. ಸಿಕ್ಸ್ ಪ್ಯಾಕ್ ಬಂದಿಲ್ಲ, ಬರೋ ಲಕ್ಷಣವೂ ಇಲ್ಲ. ಹೋದ ತಿಂಗಳು ಬೆಟ್ಟ ಹತ್ತುವಾಗ ನಂದಿಯವರೆಗೂ ಕೂರಲಿಲ್ಲ. ಇಸಿ ಗೆಳೆಯ ಈಗಲೂ ನನಗಿಂತ ಮುಂಚೆ ಮೇಲಿರ್ತಾನೆ, ಆದ್ರೆ ನನ್ನ ಬ್ಯಾಗ್ ನನ್ನ ಹೆಗಲ ಮೇಲೇ ಇತ್ತು. ಅವನನ್ನ ಜಿಮ್‌ಗೆ ಕರ್ಕೊಂಡು ಹೋಗಿದ್ದೀನಿ. ಖಾಲಿ ರಾಡ್ ಹಿಡಿದು ಅವನೂ ನಡುಗಿದ. ಅವನಿಗೆ ಬೇಕಿದ್ದ ಅರ್ಧ ನನ್ನ ಹತ್ತಿರ, ನನಗೆ ಬೇಕಿದ್ದ ಅರ್ಧ ಅವನ ಹತ್ತಿರ ಇತ್ತು.

ದಸರಾ ರಜೆಗೆ ಮನೆಗೆ ಹೋದಾಗ ಟೇಪ್ ತಗೊಂಡು ಹೋಗಿ ಅಪ್ಪನ ಸೊಂಟ ಅಳೆದೆ. 98. "ನಾಳೆಯಿಂದ ಇಬ್ಬರೂ ವಾಕಿಂಗ್ ಹೋಗೋಣ ಬಾ" ಅಂದ್ರು. ಆ ಐದು ದಿನವೂ ಹೋದ್ವಿ. ಈಗ ದಿನಾ ಬೆಳಿಗ್ಗೆ ಫೋನ್ ಮಾಡಿ ಎಷ್ಟು ದೂರ ನಡೆದೆ ಅಂತ ಹೇಳ್ತಾರೆ.

ನಿಮ್ಮ ಮನೆಯಲ್ಲೂ ಒಂದು ಟೇಪ್ ಇರುತ್ತೆ, ಅಮ್ಮನ ಹೊಲಿಗೆ ಡಬ್ಬದಲ್ಲಿ ನೋಡಿ. ಭಾನುವಾರ ಬೆಳಿಗ್ಗೆ ಆರಕ್ಕೆ ಬೆಟ್ಟದ ಪಾದದ ಹತ್ತಿರ ನಾವಿರ್ತೀವಿ. ಬನ್ನಿ.